ಜೊತೆಗೆ ನಡೆಯಿರಿ, ಲಗಾಮು ಹಿಡಿಯಬೇಡಿ

'ಸ್ಪಿರಿಚುಯಲ್ ಡೈರೆಕ್ಷನ್' ಅನ್ನೋದನ್ನ ಕನ್ನಡದಲ್ಲಿ 'ಆಧ್ಯಾತ್ಮಿಕ ಮಾರ್ಗದರ್ಶನ' ಅಂತ ಕರೆಯುತ್ತೇವೆ. ನನ್ನ ತಕರಾರು ಶುರುವಾಗೋದೇ ಈ ಪದದಿಂದ. ಮಾರ್ಗದರ್ಶನ ಅಂದಕೂಡಲೇ ಒಬ್ಬರು ಮೇಲೆ, ಒಬ್ಬರು ಕೆಳಗೆ. ಒಬ್ಬರಿಗೆ ದಾರಿ ಗೊತ್ತು, ಇನ್ನೊಬ್ಬರು ತಲೆತಗ್ಗಿಸಿ ಹಿಂದೆ ಹೋಗಬೇಕು. ಕ್ರೈಸ್ತ ಪರಂಪರೆಯ ಒಳ್ಳೆಯ ಉದಾಹರಣೆಗಳಲ್ಲಿ ಇದು ಹಾಗಿಲ್ಲ. ಇಬ್ಬರು ಕೂರುತ್ತಾರೆ. ಒಬ್ಬರ ಬದುಕಿನಲ್ಲಿ ದೇವರು ಏನು ಮಾಡ್ತಿದ್ದಾನೆ ಅಂತ ಇಬ್ಬರೂ ಸೇರಿ ಕಿವಿಗೊಡುತ್ತಾರೆ, ಅಷ್ಟೇ. ಇದು ಉಪದೇಶ ಅಲ್ಲ, ಪಾಪನಿವೇದನೆ ಅಲ್ಲ, ಕೌನ್ಸೆಲಿಂಗೂ ಅಲ್ಲ. ಡಿಪ್ರೆಶನ್ ಇದ್ದವರು ಡಾಕ್ಟರ ಹತ್ತಿರವೇ ಹೋಗಬೇಕು. ಒಳ್ಳೆಯ ಸಂಗಾತಿ ಮೊದಲು ಹೇಳೋದೂ ಅದನ್ನೇ.

ಬೆಂಗಳೂರಿಗೆ ಕೆಲಸಕ್ಕೆ ಬಂದ ನಮ್ಮ ವಯಸ್ಸಿನ ಕ್ರೈಸ್ತರಿಗೆ ಪ್ರಸಂಗಗಳಿಗೇನೂ ಬರವಿಲ್ಲ. ಭಾನುವಾರ ಒಂದು, ಯೂಟ್ಯೂಬಿನಲ್ಲಿ ನೂರು, ಬೆಳಗಾದರೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೆರಡು. ಬರ ಇರೋದು ಕೇಳುವ ಕಿವಿಗೆ. 'ಮೂರು ತಿಂಗಳಿಂದ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ' ಅಂತ ಒಬ್ಬಳು ಹೇಳಿದರೆ ತಕ್ಷಣ ಒಂದು ಬೈಬಲ್ ವಚನ, ಎರಡು ಸಲಹೆ, ಒಂದು ಉಪವಾಸದ ಪ್ಲಾನ್ ಸಿಗುತ್ತೆ. 'ಹೌದಾ? ಪ್ರಾರ್ಥನೆಗೆ ಕೂತಾಗ ಏನಾಗುತ್ತೆ, ಹೇಳು' ಅಂತ ಕೇಳುವವರು ಸಿಗೋದಿಲ್ಲ.

ಈ ಖಾಲಿ ಜಾಗಕ್ಕೆ ಈಗ ಬಂದು ಕೂತವರು ಮೆಂಟರ್‌ಗಳು, ಸೆಲ್ ಗ್ರೂಪ್ ಲೀಡರ್‌ಗಳು, 'ಅಕೌಂಟಬಿಲಿಟಿ ಪಾರ್ಟ್‌ನರ್'ಗಳು. ಇವರಲ್ಲಿ ಬಹಳ ಜನ ಒಳ್ಳೆಯವರೇ. ಆದರೆ ಏರ್ಪಾಡು ನೋಡಿ. ನೀವು ಯಾರ ಮುಂದೆ ಮನಸ್ಸು ಬಿಚ್ಚಬೇಕೋ, ನೀವು ಕ್ವಾಯರ್‌ನಲ್ಲಿ ಹಾಡಬಹುದಾ, ಯೂತ್ ಗ್ರೂಪ್ ನಡೆಸಬಹುದಾ ಅಂತ ತೀರ್ಮಾನಿಸುವವರೂ ಅವರೇ. ಒಂದು ಸಭೆಯಲ್ಲಿ ನಾನು ಕಂಡದ್ದು ಹೇಳ್ತೀನಿ: ಒಬ್ಬಳು ತನ್ನ ಲೀಡರ್ ಹತ್ತಿರ ಗುಟ್ಟಾಗಿ ಹೇಳಿಕೊಂಡ ಪ್ರೀತಿಯ ವಿಷಯ ಮುಂದಿನ ವಾರ ಪಾಸ್ಟರ್ ಕಿವಿಯಲ್ಲಿತ್ತು, ಅದರ ಮುಂದಿನ ವಾರ ಅವಳ ಅಪ್ಪನ ಕಿವಿಯಲ್ಲಿತ್ತು. ಇದಕ್ಕೆ 'ಕಾಳಜಿ' ಅಂತ ಹೆಸರು.

ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಒನ್-ಆನ್-ಒನ್‌ನಲ್ಲಿ ಮ್ಯಾನೇಜರ್ 'ಫ್ರೀಯಾಗಿ ಮಾತಾಡಿ' ಅಂದಾಗ ನಾವು ಎಷ್ಟು ಫ್ರೀಯಾಗಿ ಮಾತಾಡ್ತೀವಿ? ಅಪ್ರೈಸಲ್ ಯಾರ ಕೈಯಲ್ಲಿದೆ ಅಂತ ನೆನಪಿಟ್ಟುಕೊಂಡೇ ಬಾಯಿ ತೆರೆಯುತ್ತೀವಿ.

ಮಜಾ ಏನಂದ್ರೆ, ಅಧಿಕಾರ ಶ್ರೇಣಿಗೆ ಹೆಸರಾದ ಕೆಥೋಲಿಕ ಧರ್ಮಸಭೆಗೆ ಈ ಅಪಾಯ ಚೆನ್ನಾಗಿ ಗೊತ್ತು. ಅದರ 1983ರ ಕಾನೂನು ಸಂಹಿತೆಯ 240ನೇ ವಿಧಿ ಹೇಳೋದು ಇಷ್ಟು: ಗುರುಮಠದ ವಿದ್ಯಾರ್ಥಿಗೆ ದೀಕ್ಷೆ ಕೊಡಬೇಕೋ, ಅವನನ್ನ ಹೊರಗೆ ಕಳಿಸಬೇಕೋ ಅಂತ ತೀರ್ಮಾನಿಸುವಾಗ ಅವನ ಆಧ್ಯಾತ್ಮಿಕ ಮಾರ್ಗದರ್ಶಿಯ ಅಭಿಪ್ರಾಯವನ್ನ ಕೇಳಲೇಬಾರದು. ತಮ್ಮ ಕೈಕೆಳಗಿನವರ ಅಂತರಂಗವನ್ನ ಬಿಚ್ಚಿಸೋಕೆ ಮಠದ ಮೇಲಧಿಕಾರಿಗಳು ಯಾವ ರೀತಿಯಲ್ಲೂ ಒತ್ತಡ ತರಬಾರದು ಅನ್ನುತ್ತೆ 630ನೇ ವಿಧಿ. ಆಳುವವರು ಬೇರೆ, ಆಲಿಸುವವರು ಬೇರೆ. ಮನುಷ್ಯರನ್ನ ನೋಡಿ ನೋಡಿ ಕಲಿತ ಬುದ್ಧಿ ಇದು.

ಈ ಗೋಡೆ ಬಿದ್ದರೆ ಏನಾಗುತ್ತೆ? ಜ್ಯಾನ್ ವಾನಿಯೇ ಅವರನ್ನ ನೋಡಿ. ಬೌದ್ಧಿಕ ಅಂಗವೈಕಲ್ಯ ಇರುವವರ ಜೊತೆ ಬದುಕುವ 'ಲಾರ್ಶ್' ಸಮುದಾಯವನ್ನ 1964ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದವರು. ನಮ್ಮ ಬೆಂಗಳೂರಿನ ಆಶಾನಿಕೇತನವೂ ಅದೇ ಬಳಗದ್ದು. ಬದುಕಿರುವಾಗಲೇ ಜನ ಅವರನ್ನ ಸಂತ ಅಂದಿದ್ದರು. 2019ರಲ್ಲಿ ತೀರಿಕೊಂಡರು. 2020ರಲ್ಲಿ ಲಾರ್ಶ್ ಸಂಸ್ಥೆಯೇ ಒಂದು ತನಿಖೆಯ ಫಲಿತಾಂಶವನ್ನ ಹೊರಗಿಟ್ಟಿತು: ಆಧ್ಯಾತ್ಮಿಕ ಸಂಗಾತದ ಹೆಸರಿನಲ್ಲೇ ವಾನಿಯೇ ಆರು ಮಹಿಳೆಯರನ್ನ ಲೈಂಗಿಕವಾಗಿ ಬಳಸಿಕೊಂಡಿದ್ದರು. 2023ರ ಇನ್ನೊಂದು ವರದಿಯಲ್ಲಿ ಈ ಸಂಖ್ಯೆ ಕನಿಷ್ಠ 25ಕ್ಕೆ ಏರಿತು. ಅವರ ಸ್ವಂತ ಮಾರ್ಗದರ್ಶಿಯಾಗಿದ್ದ ಫಾದರ್ ತೊಮಾ ಫಿಲಿಪ್ ಅವರದೂ ಇದೇ ಚರಿತ್ರೆ. ಸಂಸ್ಥೆಯ ಸ್ಥಾಪಕರೂ ಅವರೇ, ಗುರುವೂ ಅವರೇ, ದೇವರ ದನಿಯೂ ಅವರದೇ ಆದಾಗ ಆ ಹೆಣ್ಣುಮಕ್ಕಳು ಯಾರ ಹತ್ತಿರ ಹೋಗಿ ದೂರಬೇಕಿತ್ತು?

ಹಾಗಂತ ಪರಂಪರೆಯನ್ನೇ ಬಿಸಾಡಬೇಕಾಗಿಲ್ಲ. ಇಗ್ನೇಷಿಯಸ್ ಲೊಯೋಲಾ ತನ್ನ 'ಆಧ್ಯಾತ್ಮಿಕ ಸಾಧನೆಗಳು' ಪುಸ್ತಕದಲ್ಲಿ, 1548ರಷ್ಟು ಹಿಂದೆಯೇ, ಜೊತೆಗಿರುವವರಿಗೆ ಕಟ್ಟುನಿಟ್ಟಾಗಿ ಹೇಳಿದ್ದಾನೆ: ಸಾಧನೆಯ ದಿನಗಳಲ್ಲಿ ಎದುರಿಗಿರುವವರನ್ನ ಸನ್ಯಾಸದ ಕಡೆಗೂ ತಳ್ಳಬೇಡಿ, ಸಂಸಾರದ ಕಡೆಗೂ ತಳ್ಳಬೇಡಿ, ತಕ್ಕಡಿಯ ಮುಳ್ಳಿನ ಹಾಗೆ ನಡುವೆ ನಿಲ್ಲಿ, ದೇವರು ನೇರವಾಗಿ ಅವರ ಜೊತೆ ವ್ಯವಹರಿಸಲಿ. ಇದನ್ನ ಬೇರೆಯವರಿಗೆ ಹೇಳಿಕೊಡೋಕೆ ಶುರುಮಾಡಿದಾಗ ಇಗ್ನೇಷಿಯಸ್ ಇನ್ನೂ ಪಾದ್ರಿಯೂ ಆಗಿರಲಿಲ್ಲ. ಅದೇ ಶತಮಾನದ ಶಿಲುಬೆಯ ಸಂತ ಯೊವಾನ್ನ ಇನ್ನೂ ಖಾರ. ಆತ್ಮದ ನಾಜೂಕು ತಿಳಿಯದೆ ಬರೀ ಸುತ್ತಿಗೆ ಬಡಿಯುವ ಮಾರ್ಗದರ್ಶಿಗಳನ್ನ ಅವನು ಕಮ್ಮಾರರಿಗೆ ಹೋಲಿಸಿದ. ನಿಜವಾದ ಮಾರ್ಗದರ್ಶಿ ಪವಿತ್ರಾತ್ಮನೇ, ನೀವಲ್ಲ ಅಂತ ನೆನಪಿಸಿದ.

ಇವರಿಗೂ ಹಿಂದಿನ ಮಾದರಿ ಲೂಕನ ಸುವಾರ್ತೆಯಲ್ಲೇ ಇದೆ. ಯೇಸು ಶಿಲುಬೆಗೇರಿದ ಮೇಲೆ ಇಬ್ಬರು ಶಿಷ್ಯರು ಜೋಲುಮುಖ ಹಾಕಿಕೊಂಡು ಎಮ್ಮಾವು ಊರಿನ ಕಡೆ ನಡೆದಿದ್ದಾರೆ. ಗುರುತು ಸಿಗದ ಹಾಗೆ ಯೇಸು ಅವರ ಜೊತೆಗೂಡುತ್ತಾನೆ. ಮೊದಲು ಮಾಡೋದೇ ಪ್ರಶ್ನೆ ಕೇಳೋದು. ಅವರು ಎಲ್ಲ ಹೇಳಿ ಮುಗಿಸುವ ತನಕ ಕಾಯುತ್ತಾನೆ. ಆಮೇಲೆ ಅವರನ್ನ ಗದರುತ್ತಾನೆ, ಧರ್ಮಗ್ರಂಥ ಬಿಡಿಸಿ ಹೇಳುತ್ತಾನೆ. ಊರು ಹತ್ತಿರ ಬಂದಾಗ ಮುಂದೆ ಹೊರಟವನ ಹಾಗೆ ಕಾಣುತ್ತಾನೆ. ಅವರು ಒತ್ತಾಯ ಮಾಡಿದ ಮೇಲೇ ಮನೆಯೊಳಗೆ ಹೋಗೋದು. ಅವರ ಕಣ್ಣು ತೆರೆಯುತ್ತಲೇ ಮಾಯ. ಮತ್ತೆ ಜೆರುಸಲೇಮಿಗೆ ಹಿಂದಿರುಗುವ ತೀರ್ಮಾನ ಅವರದೇ.

'ಅಧಿಕಾರ ಇಲ್ಲದಿದ್ರೆ ಹುಡುಗರು ದಾರಿ ತಪ್ಪಲ್ವಾ? ತಿದ್ದೋರು ಬೇಡ್ವಾ?' ಅಂತ ಹಿರಿಯರು ಕೇಳ್ತಾರೆ. ಬೇಕು. ಎಮ್ಮಾವಿನ ದಾರಿಯಲ್ಲೂ ಗದರಿಕೆ ಇದೆ. ಆದರೆ ಅದು ಪೂರ್ತಿ ಕೇಳಿಸಿಕೊಂಡ ಮೇಲೆ ಬಂದ ಗದರಿಕೆ, ಅದರ ಹಿಂದೆ ಯಾವ ಶಿಕ್ಷೆಯೂ ಇರಲಿಲ್ಲ. ನಿಮ್ಮ ಪದವಿ ಕಿತ್ತುಕೊಳ್ಳುವ ಶಕ್ತಿ ಇಲ್ಲದವರು ಆಡುವ ಕಟು ಮಾತನ್ನ ನಂಬೋದು ಸುಲಭ. ಭಯಕ್ಕೆ ತಿದ್ದಿಕೊಂಡವರು ಬಚ್ಚಿಡೋದನ್ನ ಚೆನ್ನಾಗಿ ಕಲಿಯುತ್ತಾರೆ, ಅಷ್ಟೇ.

ಹಾಗಾಗಿ, ಸಂಗಾತಿಯನ್ನ ಹುಡುಕುತ್ತಿರುವವರು ನಾಚಿಕೆ ಬಿಟ್ಟು ನಾಲ್ಕು ಪ್ರಶ್ನೆ ಕೇಳಿ. ನಾನು ಹೇಳಿದ್ದು ಬೇರೆ ಯಾರಿಗಾದರೂ ಹೋಗುತ್ತಾ? ಸಭೆಯಲ್ಲಿ ನನ್ನ ಬಗ್ಗೆ ತೀರ್ಮಾನ ತೆಗೆದುಕೊಳ್ಳುವ ಜಾಗದಲ್ಲಿ ನೀವಿದ್ದೀರಾ? ನಿಮಗೂ ಹೀಗೆ ಮನಸ್ಸು ಬಿಚ್ಚೋಕೆ ಒಬ್ಬರಿದ್ದಾರಾ? ನಾಳೆ ನಾನು ಬರೋದು ನಿಲ್ಲಿಸಿದರೆ ನಿಮ್ಮ ಮುಖ ಗಂಟಿಕ್ಕುತ್ತಾ? ಉತ್ತರ ತಡವರಿಸಿದರೆ ಕಾಫಿ ಕುಡಿದು, ಥ್ಯಾಂಕ್ಸ್ ಹೇಳಿ ಎದ್ದುಬನ್ನಿ.

ಸಭೆ ನಡೆಸುವವರಿಗೆ ನನ್ನದು ಒಂದೇ ಬೇಡಿಕೆ. ಕೇಳಿಸಿಕೊಳ್ಳುವವರಿಗೆ ಅಧಿಕಾರ ಕೊಡಬೇಡಿ, ಅಧಿಕಾರ ಇರುವವರು ಗುಟ್ಟು ಕೇಳಬಾರದು ಅಂತ ನಿಯಮ ಮಾಡಿ. ಮಾಡಿದ್ದನ್ನ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಗುರುಮಠದ ಹುಡುಗರಿಗೆ ಸಿಕ್ಕ ರಕ್ಷಣೆ ನಿಮ್ಮ ಯೂತ್ ಗ್ರೂಪಿನ ಹುಡುಗಿಗೆ ಯಾಕಿಲ್ಲ ಅನ್ನೋ ಪ್ರಶ್ನೆಗೆ ಅಲ್ಲಿಯ ತನಕ ನಿಮ್ಮ ಹತ್ತಿರ ಉತ್ತರ ಇರೋದಿಲ್ಲ.