ಹೆಸರಿಲ್ಲದ ಚಿತ್ರ, ಮೊಗವಿಲ್ಲದ ಮೃಗ

2007ರ ಜುಲೈ ತಿಂಗಳು. ಅಮೆರಿಕದ ಚಿತ್ರಮಂದಿರಗಳಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ನೋಡಲು ಕುಳಿತಿದ್ದವರ ಮುಂದೆ ಒಂದು ಪುಟ್ಟ ಜಾಹೀರಾತು ಸುಳಿಯಿತು. ನ್ಯೂಯಾರ್ಕಿನ ಮನೆಯೊಂದರಲ್ಲಿ ಬೀಳ್ಕೊಡುಗೆಯ ಔತಣ ನಡೆದಿದೆ. ಹಠಾತ್ತನೆ ದೀಪಗಳು ಮಂಕಾಗುತ್ತವೆ, ದೂರದಲ್ಲೊಂದು ಘರ್ಜನೆ. ಜನರು ಬೀದಿಗೆ ಓಡಿಬರುವಷ್ಟರಲ್ಲಿ ಸ್ವಾತಂತ್ರ್ಯ ದೇವತೆಯ ವಿಗ್ರಹದ ಶಿರಸ್ಸೇ ಉರುಳಿ ಬಂದು ಅವರೆದುರು ಬೀಳುತ್ತದೆ! ಕೊನೆಗೆ ತೆರೆಯ ಮೇಲೆ ಬಿಡುಗಡೆಯ ದಿನಾಂಕ ಮೂಡಿತು: 2008ರ ಜನವರಿ 18. ಚಿತ್ರದ ಹೆಸರಿಲ್ಲ, ಮೃಗದ ಮುಖವೂ ಇಲ್ಲ.

ಹೇಳಿದುದಕ್ಕಿಂತ ಮುಚ್ಚಿಟ್ಟುದರ ಮೇಲೆಯೇ ಮನಸ್ಸು ಹರಿಯುವುದು ಮನುಷ್ಯಸ್ವಭಾವ. ನಿರ್ಮಾಪಕ ಜೆ.ಜೆ. ಏಬ್ರಮ್ಸ್ ಇದನ್ನು ಬಲ್ಲವರು. ಮಗನೊಡನೆ ಜಪಾನಿನ ಗೊಂಬೆಯಂಗಡಿಯನ್ನು ಹೊಕ್ಕಾಗ ಅಲ್ಲಿ ಗಾಡ್ಜಿಲ್ಲಾ ಬೊಂಬೆಗಳನ್ನು ಕಂಡು, ಅಮೆರಿಕಕ್ಕೂ ಅಂತಹದೊಂದು ಮೃಗ ಬೇಕೆಂದು ಅವರಿಗೆ ಅನ್ನಿಸಿತಂತೆ. ಮ್ಯಾಟ್ ರೀವ್ಸ್ ನಿರ್ದೇಶಕರಾದರು, ಡ್ರೂ ಗಾಡರ್ಡ್ ಕಥೆ ಬರೆದರು.

ಜಾಹೀರಾತನ್ನು ಕಂಡವರು ಮನೆಗೆ ಹೋಗಿ ಸುಮ್ಮನೆ ಮಲಗಲಿಲ್ಲ. ಔತಣದಲ್ಲಿದ್ದವನೊಬ್ಬನ ಅಂಗಿಯ ಮೇಲೆ ‘ಸ್ಲೂಶೋ’ ಎಂಬ ಪದ ಕೆಲವರ ಕಣ್ಣಿಗೆ ಬಿತ್ತು. ಅದರ ಜಾಡು ಹಿಡಿದವರಿಗೆ ಅಂತರಜಾಲದಲ್ಲಿ ಆ ಹೆಸರಿನ ಪಾನೀಯದ ತಾಣವೇ ದೊರೆಯಿತು. ಪಾನೀಯವೂ ಕಲ್ಪಿತ, ಅದನ್ನು ತಯಾರಿಸುವ ‘ಟಾಗ್ರುವಾಟೋ’ ಎಂಬ ಜಪಾನೀ ಕಂಪೆನಿಯೂ ಕಲ್ಪಿತ. ಅದರ ಗುಟ್ಟಿನ ರಸ ಸಮುದ್ರದ ತಳದಿಂದ ಬರುತ್ತದೆಯಂತೆ! ಮುಂದೆ, ಅದೇ ಕಂಪೆನಿಯ ಸಾಗರಮಧ್ಯದ ತೈಲಕೇಂದ್ರವೊಂದು ಮುಳುಗಿತೆಂಬ ಕಟ್ಟುಕಥೆಯ ‘ವಾರ್ತೆ’ಗಳೂ ಹೊರಬಂದವು. ಮೃಗವು ಕಡಲಿನಿಂದಲೇ ಏಳುವುದೆಂದು ಪತ್ತೇದಾರರು ತೀರ್ಮಾನಿಸಿದರು.

ಆದರೆ ಯಾವ ಮೃಗ? ಗಾಡ್ಜಿಲ್ಲಾ ಎಂದರು ಕೆಲವರು. ಲವ್‌ಕ್ರಾಫ್ಟ್ 1928ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಕಡಲ ತಳದಲ್ಲಿ ನಿದ್ರಿಸುವ ಕ್ತುಲು ಎಂಬ ಘೋರದೈವವೇ ಇದೆಂದರು ಮತ್ತೆ ಕೆಲವರು. ಎಲ್ಲಕ್ಕಿಂತ ವಿನೋದದ ವಾದ ಇನ್ನೊಂದು. ಜಾಹೀರಾತಿನ ಗದ್ದಲದಲ್ಲಿ ಒಬ್ಬಾತ ‘ಅದಕ್ಕೆ ಜೀವವಿದೆ’ ಎಂದು ಕೂಗಿದುದು ಕೆಲವರ ಕಿವಿಗೆ ‘ಅದೊಂದು ಸಿಂಹ’ ಎಂದು ಕೇಳಿಸಿತು. ಇಂಗ್ಲಿಷಿನಲ್ಲಿ ‘ಅಲೈವ್’ಗೂ ‘ಲಯನ್’ಗೂ ದೂರವೆಷ್ಟು? ಅಷ್ಟರಿಂದಲೇ, ಐದು ಸಿಂಹಗಳು ಕೂಡಿ ಒಂದಾಗುವ ‘ವೋಲ್ಟ್ರಾನ್’ ಎಂಬ ಯಂತ್ರಮಾನವನ ಚಿತ್ರವಿದೆಂದು ಗಂಭೀರ ಚರ್ಚೆ ನಡೆಯಿತು.

ಇನ್ನು ಕೆಲವರು ‘ಈಥನ್ ಹಾಸ್ ಹೇಳಿದ್ದು ಸರಿ’ ಎಂಬ ಅರ್ಥದ ಹೆಸರಿನ ತಾಣವೊಂದರ ಒಗಟುಗಳನ್ನು ಬಿಡಿಸುವುದರಲ್ಲಿ ಮುಳುಗಿದರು. ಒಗಟುಗಳೇನೋ ಬಿಡಿಸಿದವು, ಆದರೆ ಆ ತಾಣಕ್ಕೂ ಚಿತ್ರಕ್ಕೂ ಸಂಬಂಧವೇ ಇರಲಿಲ್ಲ! ಅದು ಬೇರೊಂದು ಆಟದ ಪ್ರಚಾರವಾಗಿತ್ತು. ಹುಡುಕಲು ಹೊರಟವನಿಗೆ ಪ್ರತಿ ಕಲ್ಲಿನಲ್ಲೂ ಶಾಸನ ಕಾಣುವುದು ಹೀಗೆಯೇ.

ನವೆಂಬರಿನಲ್ಲಿ ಹೆಸರು ಹೊರಬಿತ್ತು: ‘ಕ್ಲೋವರ್‌ಫೀಲ್ಡ್’. ಎಂತಹ ಗೂಢಾರ್ಥವೋ ಎಂದು ತಲೆ ಕೆರೆದುಕೊಂಡವರಿಗೆ ನಿರಾಶೆ ಕಾದಿತ್ತು. ಅದು ಏಬ್ರಮ್ಸರ ಹಳೆಯ ಕಚೇರಿಯ ಬಳಿಯ ರಸ್ತೆಯ ಹೆಸರು. ಗುಟ್ಟು ಕಾಯಲೆಂದು ಇಟ್ಟುಕೊಂಡಿದ್ದ ಗುಪ್ತನಾಮವೇ ಕೊನೆಗೆ ಉಳಿಯಿತು.

ಸುಮಾರು 2.5 ಕೋಟಿ ಡಾಲರು ವೆಚ್ಚದ ಚಿತ್ರ ಮೊದಲ ವಾರಾಂತ್ಯದಲ್ಲಿಯೇ ಸುಮಾರು 4 ಕೋಟಿ ಗಳಿಸಿತು. ಕೈಯಲ್ಲಿ ಹಿಡಿದ ಕ್ಯಾಮರಾದ ಅಲುಗಾಟದಲ್ಲಿ ಧೂಳು ಮುಸುಕಿದ ಬೀದಿಗಳನ್ನು ಕಂಡಾಗ, ಅನೇಕರಿಗೆ 2001ರ ಸೆಪ್ಟೆಂಬರ್ 11 ನೆನಪಾಯಿತು. ಆಟವಾಗಿ ಆರಂಭವಾದುದು ಅಲ್ಲಿ ಆಟವಾಗಿ ಉಳಿಯಲಿಲ್ಲ.

ಮೃಗವೆಲ್ಲಿಂದ ಬಂದಿತೆಂದು ಚಿತ್ರ ಹೇಳುವುದೇ ಇಲ್ಲ. ಕೊನೆಯ ದೃಶ್ಯದಲ್ಲಿ, ಸಂತೋಷದ ಹಳೆಯ ದಿನವೊಂದರ ಹಿನ್ನೆಲೆಯಲ್ಲಿ, ಏನೋ ಒಂದು ಕಡಲಿಗೆ ಬೀಳುವುದು ಕ್ಷಣಮಾತ್ರ ಕಾಣುತ್ತದೆ. ಅದನ್ನು ನೋಡಲೆಂದೇ ಮತ್ತೆ ಟಿಕೆಟು ಕೊಂಡವರುಂಟು.

ಆ ಮೃಗವು ಆಗತಾನೆ ಹುಟ್ಟಿದ ಮರಿಯೆಂದು ನಿರ್ದೇಶಕರು ಆಮೇಲೆ ತಿಳಿಸಿದರು. ತಾಯಿಯನ್ನು ಕಾಣದೆ, ಗುಂಡುಗಳ ಏಟಿಗೆ ಬೆದರಿ, ಗುರುತಿಲ್ಲದ ಊರಿನಲ್ಲಿ ಅಲೆಯುವ ಕೂಸು. ದೈವವೋ, ಸಿಂಹವೋ, ಯಂತ್ರವೋ ಎಂದು ಆರು ತಿಂಗಳು ನಡೆದ ಜಿಜ್ಞಾಸೆಯ ಕೊನೆಯಲ್ಲಿ ನಿಂತಿದ್ದುದು, ಕೆಳಗೆ ಓಡುತ್ತಿದ್ದ ಜನರಂತೆಯೇ ಹೆದರಿದ ಒಂದು ಜೀವ.