ಮೂರು ಹೆಣ್ಣಿಲಿಗಳ ಮನೆಗೆ ಎರಡು ಮರಿಗಳು

ದಾವಣಗೆರೆಯಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಎಂಟನೆಯ ತರಗತಿ ಓದುತ್ತಿರುವ ಅವರ ಮಗಳು ಒಂದು ವರ್ಷದಿಂದ ಮೂರು ಬಿಳಿ ಇಲಿಗಳನ್ನು ಸಾಕಿಕೊಂಡಿದ್ದಾಳೆ. ಮೂರೂ ಹೆಣ್ಣು. ಹೋದ ವಾರ ಅಂಗಡಿಯಿಂದ ಇನ್ನೆರಡು ಮರಿ ತಂದು ರಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಬರುವ ಭಾನುವಾರ ಎಲ್ಲವನ್ನೂ ಒಂದೇ ಗೂಡಿಗೆ ಬಿಡುತ್ತಾಳಂತೆ. "ದೊಡ್ಡವು ಮರಿಗಳನ್ನು ಕಚ್ಚಿ ಕೊಂದುಬಿಟ್ಟರೆ ಇವಳನ್ನು ಸಮಾಧಾನ ಮಾಡುವವರು ಯಾರು? ನನಗಂತೂ ಇಲಿ ಎಂದರೆ ಮೊದಲೇ ಮೈ ಜುಮ್ಮೆನ್ನುತ್ತದೆ" ಎಂದು ಕೇಳಿದ್ದಾರೆ.

ಪತ್ರ ಓದಿದ ಕೂಡಲೇ "ಭಾನುವಾರ ಬೇಡ, ತಡೆಯಿರಿ" ಎಂದು ಒಂದು ಕಾರ್ಡು ಹಾಕಿದೆ. ವಿವರವನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈ ಆತುರ ಆ ಹುಡುಗಿಯೊಬ್ಬಳದೇ ಅಲ್ಲ. ನಾನೂ ಪಟ್ಟಿದ್ದೇನೆ.

ನನ್ನ ಮಗ ಮಿಡ್ಲ್ ಸ್ಕೂಲಿನಲ್ಲಿದ್ದಾಗ ನಮ್ಮ ಮನೆಯಲ್ಲೂ ಎರಡು ಹೆಣ್ಣಿಲಿಗಳಿದ್ದವು. ಅವುಗಳ ಜೊತೆಗಿರಲಿ ಎಂದು ಒಂದು ಮರಿ ತಂದೆ. ಒಂದೇ ಜಾತಿ, ಒಂದೇ ಬಣ್ಣ, ಮೇಲಾಗಿ ಪುಟ್ಟ ಮರಿ. ತಾಯಿಯ ಹಾಗೆ ನೋಡಿಕೊಂಡಾವು ಎಂದುಕೊಂಡು ಸಂಜೆ ನೇರವಾಗಿ ಗೂಡಿಗೆ ಬಿಟ್ಟು ಊಟಕ್ಕೆ ಕೂತೆವು. ಅರ್ಧ ಊಟದಲ್ಲಿ ಕಿರುಚಾಟ ಕೇಳಿಸಿತು. ಓಡಿಹೋಗಿ ನೋಡಿದರೆ ಮರಿ ಮೂಲೆಯಲ್ಲಿ ಮುದುಡಿ ನಿಂತಿತ್ತು. ಬಾಲದ ಬುಡದ ಹತ್ತಿರ ಗಾಯ, ಹಾಸಿದ್ದ ಕಾಗದದ ಮೇಲೆ ರಕ್ತ. ಬಿಡಿಸಲು ಹೋದ ನನ್ನ ಹೆಬ್ಬೆರಳಿಗೂ ಒಂದು ಕಡಿತ ಬಿತ್ತು. ಮರಿಯ ಗಾಯ ಕೀವಾಗಿ ಪಶುವೈದ್ಯರ ಬಳಿಗೆ ಎರಡು ಸಲ ಓಡಾಡಿದೆವು. ಮರಿಯೇನೋ ಬದುಕಿತು. ಆದರೆ ಆ ಗೂಡಿನ ಹತ್ತಿರ ಒಯ್ದರೆ ಸಾಕು, ನಡುಗುತ್ತಿತ್ತು. ಕೊನೆಯವರೆಗೂ ಬೇರೆ ಗೂಡಿನಲ್ಲಿ ಒಂಟಿಯಾಗಿಯೇ ಇತ್ತು. ಮಗ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. "ನೀನೇ ಬಿಟ್ಟಿದ್ದು ಅಪ್ಪ" ಎಂದಷ್ಟೇ ಹೇಳಿದ.

ಲೆಕ್ಕ ತಪ್ಪಿದ್ದು ಎಲ್ಲಿ? ನಾನು ಬಣ್ಣ ನೋಡಿದ್ದೆ. ಇಲಿಗಳು ನೋಡುವುದು ವಾಸನೆಯನ್ನು. ಕೆಂಪು ಕಣ್ಣಿನ ಬಿಳಿ ಇಲಿಗೆ ದೃಷ್ಟಿ ಬಹಳ ಮಂದ. ಸೆಕೆಂಡಿಗೆ ಹಲವು ಬಾರಿ ಅಲುಗುವ ಮೀಸೆ, ಅದರ ಹಿಂದೆ ಮೂಗು, ಇವೆರಡರಿಂದಲೇ ಅದು ಲೋಕವನ್ನು ಅರಿಯುವುದು. ತಾವಿರುವ ಗೂಡಿನ ಮೂಲೆ ಮೂಲೆಯಲ್ಲೂ ಹನಿ ಮೂತ್ರ ಬಿಟ್ಟು, ಇದು ನಮ್ಮ ಮನೆ ಎಂದು ಅವು ಗುರುತು ಹಾಕಿಟ್ಟಿರುತ್ತವೆ. ಬೇರೆ ವಾಸನೆಯ ಜೀವವೊಂದು ಇದ್ದಕ್ಕಿದ್ದಂತೆ ನಡುಮನೆಯಲ್ಲಿ ಕಾಣಿಸಿಕೊಂಡರೆ ಅವುಗಳ ಪಾಲಿಗೆ ಅದು ಮರಿಯಲ್ಲ, ಕಳ್ಳ.

ಸಾಕುವ ಬಿಳಿ ಇಲಿ ಬೇರೆ ಪ್ರಾಣಿಯೇನಲ್ಲ. ರಾಟಸ್ ನಾರ್ವೆಜಿಕಸ್ ಎಂಬ ಕಂದು ಇಲಿಯ ಸಂತತಿಯೇ ಅದು. (ಹೆಸರಿನಲ್ಲಿ ನಾರ್ವೆ ಇದ್ದರೂ ತವರು ಏಷ್ಯಾ.) ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬದುಕುವುದು ಇದರ ಸ್ವಭಾವ. ಹೆಣ್ಣುಗಳು ಒಂದೇ ಬಿಲದಲ್ಲಿ ಈದು, ಒಂದರ ಮರಿಗೆ ಇನ್ನೊಂದು ಹಾಲೂಡುವುದೂ ಉಂಟು. ಇಲಿಗಳ ನಡವಳಿಕೆಯ ಬಗ್ಗೆ 1963ರಲ್ಲಿ ಹೆಸರಾಂತ ಪುಸ್ತಕ ಬರೆದ ಎಸ್. ಎ. ಬಾರ್ನೆಟ್, ಹೊರಗಿನಿಂದ ಹಿಡಿದು ತಂದ ಕಂದು ಇಲಿಗಳ ಗುಂಪಿಗೆ ಹೊಸ ಇಲಿಯನ್ನು ಬಿಟ್ಟು ನೋಡಿದರು. ಮೇಲೆ ಬೀಳುತ್ತಿದ್ದವು ಮುಖ್ಯವಾಗಿ ಗುಂಪಿನ ಗಂಡುಗಳು. (ಇದೇ ಬಾರ್ನೆಟ್ ನಮ್ಮ ಈಶ್ವರ ಪ್ರಕಾಶ್ ಅವರೊಡನೆ ಸೇರಿ ಭಾರತದ ಇಲಿ, ಹೆಗ್ಗಣ, ಅಳಿಲುಗಳ ಬಗ್ಗೆ 1975ರಲ್ಲಿ ಇನ್ನೊಂದು ಪುಸ್ತಕ ತಂದರು.) ಆದ್ದರಿಂದ ಹೆಣ್ಣುಗಳ ಗುಂಪಿಗೆ ಮರಿಗಳನ್ನು ಸೇರಿಸುವುದು ಇದ್ದುದರಲ್ಲಿ ಸುಲಭ. ಸುಲಭ ಎಂದರೆ ತಾನಾಗಿ ಆಗುತ್ತದೆ ಎಂದಲ್ಲ, ನನ್ನ ಹೆಬ್ಬೆರಳೇ ಸಾಕ್ಷಿ. ಗುಂಪಿನಲ್ಲಿ ಬಸುರಿಯೋ ಬಾಣಂತಿಯೋ ಇದ್ದರಂತೂ ಆ ಮಾತೇ ಬೇಡ.

ಮೊದಲ ಕೆಲಸ, ಮರಿಗಳೆರಡೂ ಹೆಣ್ಣೇ ಎಂದು ಖಚಿತ ಮಾಡಿಕೊಳ್ಳುವುದು. ಅಂಗಡಿಯವರ ಮಾತನ್ನೇ ನಂಬಿ ಕೂರಬೇಡಿ. ಪಶುವೈದ್ಯರಿಗೆ ತೋರಿಸಿದರೆ ಒಂದು ನಿಮಿಷದ ಕೆಲಸ. ಗಂಡು ಮರಿ ಐದಾರು ವಾರಕ್ಕೇ ಪ್ರಾಯಕ್ಕೆ ಬರುತ್ತದೆ. ಗರ್ಭದ ಅವಧಿ 21ರಿಂದ 23 ದಿನ, ಒಂದು ಸೂಲಿಗೆ ಹತ್ತರ ಆಸುಪಾಸು ಮರಿ. ಮೂರು ಹೆಣ್ಣಿರುವ ಮನೆಯಲ್ಲಿ ಇದರ ಲೆಕ್ಕವನ್ನು ಮಕ್ಕಳೇ ಮಾಡಲಿ. ಉತ್ತರ ಅಮ್ಮನಿಗೆ ಹೇಳುವುದು ಬೇಡ.

ಎರಡನೆಯದು, ಎರಡು ವಾರ ಬೇರೆ ಕೋಣೆಯಲ್ಲಿಡುವುದು. ರಟ್ಟಿನ ಡಬ್ಬಿ ಒಂದು ರಾತ್ರಿಯ ಮಾತು, ಕೊರೆದು ಹೊರಗೆ ಬಂದುಬಿಡುತ್ತವೆ. ಕಂಬಿಗಳ ನಡುವೆ ಅರ್ಧ ಅಂಗುಲಕ್ಕಿಂತ ಹೆಚ್ಚು ಸಂದಿಯಿಲ್ಲದ ಸಣ್ಣ ಗೂಡು ಬೇಕು. ಈ ದೂರ ಜಗಳಕ್ಕೆ ಹೆದರಿ ಅಲ್ಲ, ರೋಗಕ್ಕೆ ಹೆದರಿ. ಸಾಕಿದ ಇಲಿಗಳನ್ನು ಹೆಚ್ಚಾಗಿ ಕಾಡುವುದು ಮೈಕೋಪ್ಲಾಸ್ಮ ಎಂಬ ಸೂಕ್ಷ್ಮಜೀವಿ ತರುವ ಉಸಿರಾಟದ ಕಾಯಿಲೆ. ಹೊಸ ಮರಿ ಪದೇ ಪದೇ ಸೀನುತ್ತಿದೆಯೇ, ಉಸಿರಾಡುವಾಗ ಗೊರಗೊರ ಎನ್ನುತ್ತದೆಯೇ ಎಂದು ಕಿವಿ ಹತ್ತಿರ ಹಿಡಿದು ಕೇಳಬೇಕು. ಕಣ್ಣು, ಮೂಗಿನ ಸುತ್ತ ಕೆಂಪಗೆ ಅಂಟಿಕೊಂಡಿದ್ದರೆ ರಕ್ತವೆಂದು ಗಾಬರಿಯಾಗಬೇಡಿ. ಅದು ಕಣ್ಣಿನ ಹಿಂದಿನ ಗ್ರಂಥಿ ಸುರಿಸುವ ಬಣ್ಣದ ದ್ರವ. ಆದರೆ ಇಲಿಗೆ ಏನೋ ಸರಿಯಿಲ್ಲ ಎಂಬುದಕ್ಕೆ ಅದೂ ಒಂದು ಸೂಚನೆ. ಅಂದಹಾಗೆ, ಇಲಿ ಇರುವ ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿ ಹಚ್ಚಬೇಡಿ. ಮರದ ಡಿಪೋದ ಹೊಟ್ಟೂ ಬೇಡ. ಹರಿದ ಕಾಗದ ಹಾಸಿದರೆ ಸಾಕು. ಓದಿ ಮುಗಿದ ಮೇಲೆ ಈ ಅಂಕಣಕ್ಕೂ ಆ ಯೋಗ ಬರಬಹುದು.

ಹುಡುಗಿಗೆ ಎರಡು ವಾರ ಎರಡು ವರ್ಷದಂತೆ ಕಂಡೀತು. ಒಂದು ಹಳೆಯ ನೋಟ್‌ಬುಕ್ ಕೊಡಿ. ದಿನ ಬಿಟ್ಟು ದಿನ ಮರಿಗಳ ತೂಕ ಬರೆದಿಡಲಿ. (ಅಡುಗೆಮನೆಯ ತಕ್ಕಡಿಯಲ್ಲಿ ಅಲ್ಲ!) ತೂಕ ಏರುತ್ತಿದ್ದರೆ ಮರಿ ಆರೋಗ್ಯವಾಗಿದೆ ಎಂದು ಅರ್ಥ. ಅಲ್ಲದೆ ಮರಿ ಎರಡು ತಿಂಗಳಿನದಾಗುವ ಹೊತ್ತಿಗೆ ದೊಡ್ಡವುಗಳ ತಳ್ಳಾಟ ತಡೆದುಕೊಳ್ಳುವಷ್ಟು ಮೈ ಬಂದಿರುತ್ತದೆ.

ಆಮೇಲೆ ಶುರುವಾಗುವುದು ಪರಿಚಯ. ಮರಿಗಳು ಮಲಗಿದ್ದ ಕಾಗದದ ಚೂರುಗಳನ್ನು ದೊಡ್ಡವುಗಳ ಗೂಡಿಗೆ, ಅಲ್ಲಿಯವನ್ನು ಇಲ್ಲಿಗೆ ಒಂದೊಂದು ಹಿಡಿ ಹಾಕಿ. ಮೂರು ನಾಲ್ಕು ದಿನ ಹೀಗೆ ಮಾಡಿ, ಎರಡು ಗೂಡುಗಳನ್ನು ಒಂದು ಗೇಣು ಅಂತರದಲ್ಲಿ ಇಡಿ. ತಾಗಿಸಿ ಇಟ್ಟರೆ ಕಂಬಿಯ ಸಂದಿಯಿಂದ ಬೆರಳಿಗೋ ಬಾಲಕ್ಕೋ ಬಾಯಿ ಬೀಳುತ್ತದೆ.

ಮುಖಾಮುಖಿ ಮಾತ್ರ ಯಾರ ಮನೆಯೂ ಅಲ್ಲದ ಜಾಗದಲ್ಲಿ ಆಗಬೇಕು. ಹಳೆಯ ದುಪ್ಪಟಿ ಹಾಸಿದ ಮಂಚ, ಇಲ್ಲವೇ ಒಣಗಿದ ಬಚ್ಚಲುಮನೆ ಆದೀತು. ಕಿಂಡಿ, ಮೋರಿ ಮೊದಲೇ ಮುಚ್ಚಿರಬೇಕು. ಮರಿಗಳೆರಡೂ ಒಟ್ಟಿಗಿರಲಿ, ಒಂದಕ್ಕೊಂದು ಧೈರ್ಯ. ದೊಡ್ಡವುಗಳ ಪೈಕಿ ಸಾಧು ಸ್ವಭಾವದ್ದು ಯಾವುದೆಂದು ನಿಮ್ಮ ಮಗಳಿಗೆ ಗೊತ್ತಿರುತ್ತದೆ. ಮೊದಲು ಅದನ್ನು ಬಿಡಲಿ. ಮೂರು ನಾಲ್ಕು ಕಡೆ ಮೊಸರನ್ನದ ತುತ್ತು ಇಟ್ಟರೆ ಎಲ್ಲರ ಗಮನವೂ ಅತ್ತ ಹೋಗುತ್ತದೆ. ಮೊದಲ ದಿನ ಕಾಲು ಗಂಟೆ ಸಾಕು.

ದೊಡ್ಡವರು ಎಡವುವುದು ಇಲ್ಲಿಯೇ. ಹಳೆಯ ಇಲಿ ಮರಿಯನ್ನು ಮೂಸುತ್ತದೆ, ಅಂಗಾತ ಕೆಡವುತ್ತದೆ, ಮುಂಗಾಲಿನಿಂದ ಅದುಮಿ ಹಿಡಿದು ಕುತ್ತಿಗೆಯ ರೋಮವನ್ನು ಗಡಸಾಗಿಯೇ ನೆಕ್ಕುತ್ತದೆ. ಮರಿ ಪ್ರಾಣ ಹೋದಂತೆ ಕೀಚಲಿಡುತ್ತದೆ. ನೋಡುವವರ ಎದೆ ಝಲ್ಲೆನ್ನುತ್ತದೆ, ಕೂಡಲೇ ಎತ್ತಿಕೊಂಡುಬಿಡುತ್ತೇವೆ. ಎತ್ತಬಾರದು. ಯಾರು ಹಿರಿಯರು ಎಂಬುದನ್ನು ಅವು ತೀರ್ಮಾನಿಸಿಕೊಳ್ಳುತ್ತಿರುತ್ತವೆ. ಪ್ರತಿ ಸಲವೂ ನಡುವೆ ಕೈ ಹಾಕಿದರೆ ಆ ತೀರ್ಮಾನ ಮುಗಿಯುವುದೇ ಇಲ್ಲ.

ಹಾಗಾದರೆ ನಿಜವಾದ ಜಗಳ ಯಾವುದು? ಕೆನಡಾದ ಲೆತ್‌ಬ್ರಿಡ್ಜ್ ವಿಶ್ವವಿದ್ಯಾಲಯದ ಸರ್ಜಿಯೋ ಪೆಲ್ಲಿಸ್ ಇಲಿಗಳ ಆಟವನ್ನು ದಶಕಗಳ ಕಾಲ ನೋಡಿದವರು. ಅವರು ತೋರಿಸಿದ ವ್ಯತ್ಯಾಸ ನಮ್ಮ ಕೆಲಸಕ್ಕೆ ಬಹಳ ಬೇಕಾದದ್ದು. ಆಟದಲ್ಲಿ ಇಲಿಯ ಗುರಿ ಎದುರಾಳಿಯ ಹಿಂಗತ್ತು. ಅಲ್ಲಿಗೆ ಮೂತಿ ತಾಗಿಸಿದರೆ ಗೆದ್ದಂತೆ. ಸೇಡಿನ ಜಗಳದಲ್ಲಿ ಗುರಿ ಸೊಂಟದ ಹಿಂಭಾಗ, ಪಕ್ಕೆಯ ಕೆಳಗೆ. ನಮ್ಮ ಮರಿಗೆ ಗಾಯವಾಗಿದ್ದು ಬಾಲದ ಬುಡದಲ್ಲಿ ಎಂದು ಮೇಲೆ ಹೇಳಿದೆನಲ್ಲ. ಅದು ಆಟವಾಗಿರಲಿಲ್ಲ.

ಕಚ್ಚುವ ಮೊದಲೂ ಸೂಚನೆ ಇರುತ್ತದೆ. ಮೈಗೂದಲೆಲ್ಲ ನಿಮಿರಿ ಇಲಿ ಇದ್ದುದಕ್ಕಿಂತ ದಪ್ಪ ಕಾಣುತ್ತದೆ. ಬೆನ್ನು ಬಿಲ್ಲಾಗಿಸಿ, ನೇರ ಬರದೆ ಏಡಿಯಂತೆ ಅಡ್ಡಡ್ಡ ಸರಿದು ಬರುತ್ತದೆ. ಬುಸುಗುಡುತ್ತದೆ, ಬಾಲ ನೆಲಕ್ಕೆ ಬೀಸುತ್ತದೆ. ಆಗ ಬಿಡಿಸಿ, ಆದರೆ ಬರಿಗೈಯಿಂದ ಬೇಡ. ನಡುವೆ ಒಂದು ರಟ್ಟು ಇಳಿಸಿ, ಇಲ್ಲವೇ ದಪ್ಪ ಟವೆಲ್ ಮೇಲೆ ಎಸೆಯಿರಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತೇವೆ. ಇಲ್ಲಿ ಚೆಲ್ಲಾಟ, ಪ್ರಾಣಸಂಕಟ ಎರಡೂ ಇಲಿಗಳದೇ. ಯಾವುದು ಯಾವುದೆಂದು ಕಂಡುಹಿಡಿಯುವ ಪ್ರಾಣಸಂಕಟ ನಮ್ಮದು. ಮಕ್ಕಳ ಕಣ್ಣು ಇದರಲ್ಲಿ ನಮಗಿಂತ ಚುರುಕು ಎಂಬುದು ನನ್ನ ಅನುಭವ.

ನಮ್ಮ ಕಿವಿಗೆ ಬೀಳುವ ಕೀಚಲು ಅವುಗಳ ಮಾತಿನ ಒಂದು ತುಣುಕು ಮಾತ್ರ. ಮನುಷ್ಯರಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ. ಇಲಿಗಳು ಆಟದ ಖುಷಿಯಲ್ಲಿ 50 ಕಿಲೋಹರ್ಟ್ಸ್ ಸುಮಾರಿನಲ್ಲಿ ಚಿಲಿಪಿಲಿಗುಟ್ಟುತ್ತವೆ, ಹೆದರಿದಾಗ 22ರ ಆಸುಪಾಸಿನಲ್ಲಿ ಕೂಗುತ್ತವೆ. ಅಮೆರಿಕದ ಯಾಕ್ ಪ್ಯಾಂಕ್ಸೆಪ್ ಎಂಬ ವಿಜ್ಞಾನಿ ಇಲಿಗಳಿಗೆ ಬೆರಳಿನಿಂದ ಕಚಗುಳಿಯಿಟ್ಟು ಆ ಚಿಲಿಪಿಲಿಯನ್ನು ಯಂತ್ರದಲ್ಲಿ ಹಿಡಿದು, ಇದು ನಗುವಿನಂಥದ್ದೇ ಎಂದರು. ಅವರ ಸಹೋದ್ಯೋಗಿಗಳಲ್ಲಿ ಕೆಲವರು ಒಪ್ಪಲಿಲ್ಲ. ನಾನು ಒಪ್ಪುತ್ತೇನೆ, ಆದರೆ ನಾನು ವಿಜ್ಞಾನಿಯಲ್ಲ.

ಮಂಚದ ಮೇಲಿನ ಭೇಟಿ ದಿನಕ್ಕಿಷ್ಟು ಬೆಳೆದು ಒಂದೆರಡು ಗಂಟೆ ಐದೂ ನೆಮ್ಮದಿಯಾಗಿ ಇರತೊಡಗಿದ ಮೇಲೆ ಗೂಡಿನ ಸರದಿ. ದೊಡ್ಡ ಗೂಡನ್ನು ಸೋಪು ಹಾಕಿ ತೊಳೆದು, ಒಳಗಿನ ಸಾಮಾನುಗಳ ಜಾಗ ಬದಲಿಸಿ. ಅಡಗುವ ಡಬ್ಬಿಗಳಿಗೆ ಎರಡು ಬಾಗಿಲಿರಲಿ. ಒಂದೇ ಬಾಗಿಲಾದರೆ ಮರಿ ಒಳಗೆ ಸಿಕ್ಕಿಬೀಳುತ್ತದೆ. ನೀರಿನ ಬಾಟಲಿ ಎರಡು, ಕಾಳು ಎಲ್ಲ ಕಡೆ ಚೆಲ್ಲಿರಲಿ. ರಜೆಯ ದಿನ ಬೆಳಿಗ್ಗೆ ಬಿಟ್ಟು ಇಡೀ ದಿನ ನೋಡಿ. ನಾನು ಮಾಡಿದ ಹಾಗೆ ಊಟದ ಹೊತ್ತಿಗೆ ಬಿಡಬೇಡಿ. ರಕ್ತ ಕಂಡರೆ ಬೇರ್ಪಡಿಸಿ, ಒಂದು ವಾರ ಹಿಂದಿನ ಹಂತಕ್ಕೆ ಹೋಗಿ. ಎಷ್ಟು ಮಾಡಿದರೂ ಒಪ್ಪದ ಅಜ್ಜಿಯೊಂದು ಇದ್ದೀತು. ಆಗ ಎರಡು ಗೂಡು ಇಡುವುದೇ ಸರಿ.

ಇನ್ನು ಆ ತಾಯಿಯ ಭಯದ ಮಾತು. 1898ರ ಪ್ಲೇಗಿಗೆ ಬೆಂಗಳೂರಿನ ಬೀದಿಗಳೇ ಖಾಲಿಯಾದ ನೆನಪಿರುವ ನಾಡಿನಲ್ಲಿ ಇಲಿಗೆ ಹೆದರುವುದು ತಪ್ಪಲ್ಲ. ಇಲಿಜ್ವರವೂ ನಮ್ಮಲ್ಲಿ ಇದ್ದೇ ಇದೆ. ಆದ್ದರಿಂದ ಮನೆಯ ಅಟ್ಟದ ಇಲಿಗಳು ಸುಳಿಯದ ಕಡೆ ಗೂಡಿರಲಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಕಚ್ಚಿದರೆ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಇಲಿಪಾಷಾಣ ಇಡುವ ಅಭ್ಯಾಸವಿದ್ದರೆ ನಿಲ್ಲಿಸಿ.

ಇನ್ನೊಂದು ವಿಷಯವನ್ನು ಮಗಳಿಗೆ ನೀವೇ ಹೇಳಬೇಕಾಗುತ್ತದೆ. ಸಾಕಿದ ಇಲಿ ಬದುಕುವುದು ಎರಡು ವರ್ಷ, ಬಹಳವೆಂದರೆ ಮೂರು. ಅವಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಹೊತ್ತಿಗೆ ಈಗಿನ ಮೂರೂ ಇರುವುದು ಅನುಮಾನ. ಮೂರರಲ್ಲಿ ಕೊನೆಗೆ ಉಳಿಯುವುದು ಒಂಟಿಯಾಗದೆ ಈ ಮರಿಗಳ ನಡುವೆ ಇರುತ್ತದೆ. ಅವಳು ಅದನ್ನು ಯೋಚಿಸಿಯೇ ತಂದಿದ್ದಾಳೋ ಏನೋ, ಒಮ್ಮೆ ಕೇಳಿ ನೋಡಿ.

ಒಂದು ಬೆಳಿಗ್ಗೆ ಐದೂ ಒಂದರ ಮೇಲೊಂದು ಬಿದ್ದು, ಯಾವ ಬಾಲ ಯಾರದೆಂದು ತಿಳಿಯದ ಹಾಗೆ ಮಲಗಿದ್ದರೆ ಮರಿಗಳ ಸಣ್ಣ ಗೂಡನ್ನು ತೊಳೆದು ಅಟ್ಟಕ್ಕೆ ಹಾಕಬಹುದು. ಆ ದಿನ ಮಗಳ ಕೈಯಿಂದ ಒಂದು ಕಾರ್ಡು ಬರೆಸಿ. ನನ್ನ ಮಗನಿಗೂ ತೋರಿಸುತ್ತೇನೆ.