ಗಿರಾಕಿಗೆ ದೊರೆಪಟ್ಟ ಬೇಡ

ದೊಡ್ಡ ಅಂಗಡಿಗಳಲ್ಲಿ ಈಗ ವಿಚಾರಿಸುವವರೇ ಇಲ್ಲ ಎಂಬುದು ಊರೆಲ್ಲ ಆಡುವ ಮಾತು. ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ, ಎಲ್ಲಿ ಈ ಮಾತು ಬಂದರೂ ತೀರ್ಪು ಒಂದೇ: “ಈಗಿನ ಹುಡುಗ ಹುಡುಗಿಯರಿಗೆ ಕೆಲಸದ ಮೇಲೆ ನಿಗಾ ಇಲ್ಲ, ಫೋನು ಹಿಡಿದು ಕಂಬಕ್ಕೆ ಒರಗಿ ನಿಂತಿರುತ್ತಾರೆ.” ನಾನೂ ಹಾಗೆಯೇ ಹೇಳುತ್ತಿದ್ದೆ. ಹೋದ ಕಾರ್ತಿಕದವರೆಗೆ ಹೇಳುತ್ತಿದ್ದೆ. ಈಗ ಹೇಳಲಾರೆ. ತಪ್ಪಿತಸ್ಥರನ್ನು ನಾವು ತಪ್ಪು ಮಹಡಿಯಲ್ಲಿ ಹುಡುಕುತ್ತಿದ್ದೇವೆ ಎಂದು ನನಗೆ ಮನವರಿಕೆಯಾಗಿದೆ.

ನಡೆದದ್ದು ಇಷ್ಟು. ಚಳಿ ಹಿಡಿಯುವ ಮುಂಚೆ ನಮ್ಮ ತಾಯಿಗೆ ಒಂದು ಸ್ವೆಟರು ಕೊಳ್ಳಬೇಕಾಗಿತ್ತು. ಮುಂದೆ ಗುಂಡಿ ಇರುವಂಥದು. ತಲೆಯಿಂದ ಇಳಿಸಿ ತೊಡುವುದು ಅವರಿಗೆ ಈಗ ಆಗದು. ಬೆಂಗಳೂರಿನ ದಕ್ಷಿಣದ ಬಡಾವಣೆಯೊಂದರಲ್ಲಿರುವ ನಾಲ್ಕಂತಸ್ತಿನ ಮಳಿಗೆಗೆ ಕರೆದುಕೊಂಡು ಹೋದೆ. ಮಳಿಗೆಯ ಹೆಸರು ಬೇಡ. ಹೆಸರು ಬದಲಾದರೂ ಕಥೆ ಬದಲಾಗುವುದಿಲ್ಲ. ಹೊರಗಿನ ಫಲಕದಲ್ಲಿ 2024ರ ತಿದ್ದುಪಡಿ ಕಾಯಿದೆ ಹೇಳಿದ ಶೇಕಡ 60 ಕನ್ನಡ ಸರಿಯಾಗಿಯೇ ಇತ್ತು. ಬಾಗಿಲು ದಾಟಿದ ಮೇಲೆ ಆ ಅರವತ್ತರಲ್ಲಿ ಒಂದೂ ಉಳಿದಿರಲಿಲ್ಲ. ಎರಡನೆಯ ಮಹಡಿಯಲ್ಲಿ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿಯೊಬ್ಬಳು ಬಂದು, ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ ಸ್ವಾಗತದ ಮಾತು ಒಪ್ಪಿಸಿದಳು. ಅಮ್ಮ ನನ್ನ ಮುಖ ನೋಡಿ, “ಏನಂದ್ಲೋ?” ಎಂದರು. ಆಮೇಲೆ ಅವಳನ್ನೇ ಕೇಳಿದರು: “ಕನ್ನಡ ಬರುತ್ತಾ ಮಗು?”

“ಬರುತ್ತೆ ಅಜ್ಜಿ. ನಮ್ದು ಅರಸೀಕೆರೆ ಕಡೆ.” ಹೇಳುವಾಗ ಅವಳ ದನಿ ತಗ್ಗಿತು, ಏನೋ ಗುಟ್ಟು ಹೇಳುವವಳಂತೆ.

ಅಮ್ಮನಿಗೆ ಮಂಡಿನೋವು. ಹತ್ತು ನಿಮಿಷ ನಿಂತ ಮೇಲೆ ಕೂರಲು ಜಾಗ ಹುಡುಕಿದರು. ಅಷ್ಟು ದೊಡ್ಡ ಮಹಡಿಯಲ್ಲಿ, ಬೊಂಬೆಗಳು ನಿಲ್ಲಲು ಕಟ್ಟೆ ಕಟ್ಟಿಸಿದ್ದವರು ಮನುಷ್ಯರು ಕೂರಲು ಒಂದು ಕುರ್ಚಿ ಹಾಕಿಸಿರಲಿಲ್ಲ. ಅಮ್ಮ ಒಂದು ಬೊಂಬೆಯ ಕಾಲಬಳಿ ಕಟ್ಟೆಗೆ ಒರಗಿದರು. ಹುಡುಗಿ ಅತ್ತಿತ್ತ ನೋಡಿ, ಬಟ್ಟೆ ತೊಟ್ಟು ನೋಡುವ ಕೋಣೆಯ ಹಿಂದಿನಿಂದ ಒಂದು ಪ್ಲಾಸ್ಟಿಕ್ ಸ್ಟೂಲು ತಂದು ಹಾಕಿ, “ಕೂತ್ಕೊಳ್ಳಿ ಅಜ್ಜಿ” ಎಂದಳು. ಎರಡು ನಿಮಿಷ ಆಗಿರಲಿಲ್ಲ, ಕಿವಿಯಲ್ಲಿ ಯಂತ್ರ ಸಿಕ್ಕಿಸಿಕೊಂಡಿದ್ದ ಮೇಲ್ವಿಚಾರಕ ಬಂದ. “ಇದನ್ನ ಯಾರು ಫ್ಲೋರಿಗೆ ತಂದಿದ್ದು? ಇದು ಎಲ್ಲಿತ್ತು ಇಷ್ಟು ದಿನ?” ಎಂದು ಅವಳನ್ನು ಕೇಳಿದ. ಆಮೇಲೆ ನನ್ನನ್ನು ಕಂಡು ನಕ್ಕು “ಸಾರಿ ಸರ್” ಎಂದ. ಅಜ್ಜಿ ಕೂತದ್ದಕ್ಕೆ ಅವನ ತಕರಾರಿರಲಿಲ್ಲ, ಪಾಪ. ಸ್ಟೂಲು ಬಚ್ಚಿಟ್ಟದ್ದಾಗಿತ್ತು ಎಂಬುದು ತಕರಾರು. ಹುಡುಗಿಯರು ಸರದಿಯ ಮೇಲೆ ಐದೈದು ನಿಮಿಷ ಕೂರಲು ಅದನ್ನು ಅಲ್ಲಿ ಅಡಗಿಸಿದ್ದರು. ಮಹಡಿಯ ಮೇಲೆ ಕೆಲಸದವರು ಕೂರುವಂತಿಲ್ಲ ಎಂಬುದು ಆ ಮಳಿಗೆಯ ನಿಯಮವಂತೆ. ಬೆಳಿಗ್ಗೆ ಹತ್ತಕ್ಕೆ ನಿಂತರೆ, ಊಟದ ಅರ್ಧ ಗಂಟೆ ಬಿಟ್ಟು, ರಾತ್ರಿ ಎಂಟೂವರೆಗೆ ಕಾಲಿಗೆ ಬಿಡುವು. ನಾವು ಕಂಬಕ್ಕೆ ಒರಗಿದ ಸೋಮಾರಿತನ ಎನ್ನುತ್ತೇವಲ್ಲ, ಅದರ ಅರ್ಥ ಇದು.

ಇನ್ನೊಂದು ಸಂಗತಿಯೂ ಅವಳಿಂದಲೇ ತಿಳಿಯಿತು. ಅವಳು ಮಳಿಗೆಯ ನೌಕರಳೇ ಅಲ್ಲ! ಸ್ವೆಟರು ತಯಾರಿಸುವ ಒಂದು ಕಂಪನಿ, ನಡುವೆ ಒಬ್ಬ ಗುತ್ತಿಗೆದಾರ, ಅವನ ಕೈಕೆಳಗೆ ಇವಳು. ಆದ್ದರಿಂದ ಪಕ್ಕದ ಸಾಲಿನ ಸ್ವೆಟರು ಚೆನ್ನಾಗಿದೆಯೇ ಎಂದು ಕೇಳಿದರೆ ಅವಳು ಹೇಳುವಂತಿಲ್ಲ. ಅದು ಬೇರೆ ಕಂಪನಿಯದು. ಈ ಪದ್ಧತಿ ಅದೊಂದೇ ಮಳಿಗೆಯದಲ್ಲ. ಬಟ್ಟೆ, ಪ್ರಸಾಧನ ಸಾಮಗ್ರಿ, ಅಡಿಗೆಯ ಸಲಕರಣೆ, ಯಾವ ವಿಭಾಗಕ್ಕೆ ಹೋದರೂ ನಿಮ್ಮತ್ತ ಓಡಿ ಬರುವವರು ಒಂದೊಂದು ಕಂಪನಿಯ ಪರವಾಗಿ ನಿಂತವರು. ಅಂಗಡಿಯ ಪರವಾಗಿ ನಿಂತವರು, ಗಿರಾಕಿಯ ಪರವಾಗಿ ಒಂದು ಮಾತು ಹೇಳುವವರು ಯಾರು ಎಂದು ಹುಡುಕಿದರೆ, ಯಾರೂ ಸಿಗುವುದಿಲ್ಲ.

ಸ್ವೆಟರು ಕೊಂಡೆವು. ವಾರ ಕಳೆಯುವುದರೊಳಗೆ ತೋಳಿನ ಹೊಲಿಗೆ ಕಂಕುಳ ಬಳಿ ಬಿಟ್ಟುಕೊಂಡಿತು. ಬಿಲ್ಲಿನೊಂದಿಗೆ ಹೋದೆ. ಕೌಂಟರಿನವನು ಸ್ವೆಟರನ್ನು ನೋಡಲಿಲ್ಲ, ಪರದೆ ನೋಡಿದ. “ಸಿಸ್ಟಮ್ ತಗೊಳ್ತಿಲ್ಲ ಸರ್” ಎಂದ. ದುಡ್ಡು ವಾಪಸು ಕೊಡುವ ಪದ್ಧತಿ ಇಲ್ಲವಂತೆ. ಅಷ್ಟೇ ಬೆಲೆಗೆ ಬೇರೆ ಏನಾದರೂ ಕೊಳ್ಳಬಹುದಂತೆ. ಮ್ಯಾನೇಜರನ್ನು ಕರೆಯಪ್ಪ ಎಂದೆ. ಬಂದವರು ಅವರೂ ಪರದೆ ನೋಡಿದರು. ಬಿಟ್ಟ ಹೊಲಿಗೆಯನ್ನು ಬೆರಳಿಟ್ಟು ನೋಡಿದವರು ಆ ಇಡೀ ಮಳಿಗೆಯಲ್ಲಿ ಒಬ್ಬರೂ ಇಲ್ಲ. ಚಿಕ್ಕಪೇಟೆಯ ಹಳೆಯ ಬಟ್ಟೆ ಅಂಗಡಿಯಾಗಿದ್ದರೆ ಗದ್ದಿಗೆಯ ಮೇಲಿನ ಯಜಮಾನರು ಮೊದಲು ಅದನ್ನು ನೋಡುತ್ತಿದ್ದರು, ಆಮೇಲೆ ನನ್ನೊಡನೆ ಜಗಳವನ್ನಾದರೂ ಆಡುತ್ತಿದ್ದರು. ಜಗಳವಾಡುವುದಕ್ಕೂ ಅಧಿಕಾರ ಬೇಕು. ಆ ಹುಡುಗನಿಗೆ ಅದೂ ಇರಲಿಲ್ಲ.

ಇಲ್ಲಿ ಓದುಗರು ಕೇಳಬಹುದು: ಹಾಗಾದರೆ ನಿಮಗೆ ಚಿಕ್ಕಪೇಟೆಯೇ ಸ್ವರ್ಗವೋ? ಅಲ್ಲ. ಹಳೆಯದೆಲ್ಲ ಒಳ್ಳೆಯದೆಂದು ಹಲುಬುವವನು ನಾನಲ್ಲ. ಹಳೆಯ ಅಂಗಡಿಯ ಯಜಮಾನರು ಗಿರಾಕಿಯ ಕಾಲಿನ ಚಪ್ಪಲಿ ನೋಡಿ ಸೀರೆ ಬಿಚ್ಚುತ್ತಿದ್ದರು. ಬಡವನಿಗೆ ಕೆಳಗಿನ ಕಪಾಟು, ಸಾಹುಕಾರನಿಗೆ ಮೇಲಿನದು. ಜಾತಿ ಕೇಳಿ ಮೆಟ್ಟಿಲು ಹತ್ತಿಸದೆ ಬೀದಿಯಲ್ಲೇ ನಿಲ್ಲಿಸಿ ಸರಕು ಎಸೆದ ಅಂಗಡಿಗಳ ನೆನಪು ನಮ್ಮ ಊರುಗಳಲ್ಲಿ ಇನ್ನೂ ಹಸಿಯಾಗಿದೆ. ಚೌಕಾಸಿ ಬಾರದವನಿಗೆ ಒಂದು ಬೆಲೆ, ಬಲ್ಲವನಿಗೆ ಒಂದು ಬೆಲೆ. ಈ ಎಲ್ಲದರಿಂದ ನಮ್ಮನ್ನು ಬಿಡಿಸಿದ್ದು ದೊಡ್ಡ ಮಳಿಗೆಯೇ, ಆ ಉಪಕಾರವನ್ನು ಮರೆಯಬಾರದು.

ಪ್ಯಾರಿಸ್ಸಿನಲ್ಲಿ ಅರಿಸ್ಟೀಡ್ ಬೂಸಿಕೊ ಎಂಬಾತ 1852ರಲ್ಲಿ ಬಾನ್ ಮಾರ್ಷೆ ಎಂಬ ಅಂಗಡಿಯಲ್ಲಿ ಪಾಲುದಾರನಾಗಿ ಸೇರಿ ಅದನ್ನು ಬೆಳೆಸಿದ. ಅವನು ಗಿರಾಕಿಗಳಿಗೆ ಕೊಟ್ಟ ಮಾತು ಬಹಳ ಸರಳ. ಯಾರು ಬೇಕಾದರೂ ಒಳಗೆ ಬರಬಹುದು, ಕೊಳ್ಳಲೇಬೇಕೆಂಬ ಕಟ್ಟಿಲ್ಲ. ಬೆಲೆ ಬರೆದಿರುತ್ತದೆ, ಎಲ್ಲರಿಗೂ ಒಂದೇ. ಒಪ್ಪಿಗೆಯಾಗದಿದ್ದರೆ ಸರಕನ್ನು ಹಿಂದಿರುಗಿಸಬಹುದು. ಅವನೇನು ಸಂತನಲ್ಲ, ಅವನ ಬಗೆಯ ಮಳಿಗೆ ಸುತ್ತಲಿನ ಸಣ್ಣ ಅಂಗಡಿಗಳನ್ನು ಹೇಗೆ ನುಂಗಿತು, ಅಲ್ಲಿ ದುಡಿದ ಹುಡುಗಿಯರ ಪಾಡೇನಾಗಿತ್ತು ಎಂಬುದನ್ನೇ ವಸ್ತುವಾಗಿಟ್ಟುಕೊಂಡು ಎಮಿಲ್ ಜೋಲಾ 1883ರಲ್ಲಿ ಒಂದು ಕಾದಂಬರಿಯನ್ನೇ ಬರೆದ. ಆದರೂ ಆ ಮಾತು ದೊಡ್ಡದು. ಗಿರಾಕಿ ತನ್ನ ಚೌಕಾಸಿಯ ಹಕ್ಕನ್ನು ಬಿಟ್ಟುಕೊಟ್ಟ. ಅದಕ್ಕೆ ಬದಲಾಗಿ ಅಂಗಡಿ ತನ್ನ ಸರಕಿಗೆ ತಾನು ಹೊಣೆ ಎಂದಿತು. ನಮ್ಮ ಮಳಿಗೆಗಳು ಈ ಒಪ್ಪಂದದ ಮೊದಲ ಅರ್ಧವನ್ನು ಜೋಪಾನವಾಗಿ ಉಳಿಸಿಕೊಂಡಿವೆ. ಬೆಲೆಯಲ್ಲಿ ಕಾಸು ಇಳಿಸುವಂತಿಲ್ಲ. ಎರಡನೆಯ ಅರ್ಧಕ್ಕೆ ಬಂದಾಗ ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ.

ಕಾನೂನು ಇಲ್ಲವೇ ಎಂದರೆ, ಇದೆ. 2019ರ ಗ್ರಾಹಕ ರಕ್ಷಣಾ ಕಾಯಿದೆ ದೋಷವುಳ್ಳ ಸರಕನ್ನು ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆದಿದೆ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿಯೊಳಗೆ, ಬರೆದಿರದಿದ್ದರೆ 30 ದಿನಗಳೊಳಗೆ ಹಣ ಹಿಂದಿರುಗಬೇಕು. ಬಿಲ್ಲು ಹಾಕುವಾಗ ಫೋನ್ ನಂಬರು ಕೊಟ್ಟೇ ತೀರಬೇಕೆಂದು ಗಿರಾಕಿಯನ್ನು ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲೇ ಹೇಳಿತು. ಮುನ್ಸೂಚನೆ ಇಲ್ಲದೆ ಗಲ್ಲಾದ ಬಳಿ ಚೀಲಕ್ಕೆ ದುಡ್ಡು ಕೀಳುವುದು ತಪ್ಪೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ನಾನು ಕಾಯಿದೆಯ ಮಾತು ಎತ್ತಿದ ಮೇಲೆ ಮ್ಯಾನೇಜರು ಯಾರಿಗೋ ಫೋನು ಮಾಡಿದರು, ಸಿಸ್ಟಮ್ ತೆಗೆದುಕೊಂಡಿತು, ದುಡ್ಡು ಬಂತು. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ನನಗೆ ಆವತ್ತು ರಜೆ, ಓದಿಕೊಂಡ ಅಹಂಕಾರವೂ ಸ್ವಲ್ಪ ಇತ್ತು, ಗೆದ್ದೆ. ದಿನಗೂಲಿ ಬಿಟ್ಟು ಬಂದವರು ಗೆಲ್ಲುತ್ತಿದ್ದರೇ?

ಮಳಿಗೆಯವರಿಗೂ ಒಂದು ಸಮರ್ಥನೆಯಿದೆ. ಜನರೆಲ್ಲ ಮನೆಯಲ್ಲೇ ಕೂತು ಫೋನಿನಲ್ಲಿ ತರಿಸಿಕೊಳ್ಳುತ್ತಾರೆ, ಬಾಡಿಗೆ ಏರಿದೆ, ಆಳುಗಳನ್ನು ಸಾಕಲಾಗದು ಎನ್ನುತ್ತಾರೆ. ಕಷ್ಟ ನಿಜವಿರಬಹುದು. ಆದರೆ ಆ ತರ್ಕ ನನಗೆ ಅರ್ಥವಾಗಿಲ್ಲ. ಫೋನಿನಲ್ಲಿ ಸಿಗದೆ ಅಂಗಡಿಯಲ್ಲಿ ಮಾತ್ರ ಸಿಗುವುದು ಏನು? ಸರಕನ್ನು ಬಲ್ಲ ಒಬ್ಬ ಮನುಷ್ಯ. ಕುಕ್ಕರಿನ ಗ್ಯಾಸ್ಕೆಟ್ ಬೇಕೆಂದು ಹೋದರೆ ಪೇಟೆಯ ಪಾತ್ರೆ ಅಂಗಡಿಯವರು, ಎಷ್ಟು ಲೀಟರಿನದು, ಮುಚ್ಚಳ ಒಳಗೆ ಕೂರುವುದೋ ಹೊರಗೆ ಕೂರುವುದೋ ಎಂದು ಕೇಳಿ, ಕೈಗೆ ಕೊಡುತ್ತಾರೆ. ಗೋಡೆ ತುಂಬ ಕುಕ್ಕರು ಜೋಡಿಸಿಟ್ಟ ಮಳಿಗೆಯಲ್ಲಿ ಅದೇ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ: “ಆನ್‌ಲೈನ್ ನೋಡಿ ಸರ್.” ತನ್ನ ಬಳಿ ಇದ್ದ ಒಂದೇ ಬಂಡವಾಳವನ್ನು ಖರ್ಚೆಂದು ತಿಳಿದು ತೆಗೆದುಹಾಕಿ, ಆಮೇಲೆ ಗಿರಾಕಿ ಓಡಿಹೋದನೆಂದು ಅಳುವುದು ಎಂಥ ವ್ಯಾಪಾರ ಬುದ್ಧಿ ಸ್ವಾಮಿ?

ಉಳಿದ ಖರ್ಚಿಗೆ ಮಾತ್ರ ಕೊರತೆಯಿಲ್ಲ. ಕಣ್ಣು ಕುಕ್ಕುವ ದೀಪ, ಕಿವಿಗೆ ಬಡಿಯುವ ಸಂಗೀತ, “ಗ್ರಾಹಕನೇ ದೊರೆ” ಎಂಬ ಫಲಕ. ಕನ್ನಡ ಮೇಷ್ಟರ ಚಟವೆಂದು ಕ್ಷಮಿಸುವುದಾದರೆ ಒಂದು ಮಾತು ಹೇಳುತ್ತೇನೆ: ಗ್ರಾಹಕ ಎಂಬ ಸಂಸ್ಕೃತ ಶಬ್ದವೇ ಬಾಯಿಂದ ಬಾಯಿಗೆ ಸವೆದು ಗಿರಾಕಿ ಆದದ್ದು. ಕೊಳ್ಳುವವನು ಎಂದಷ್ಟೇ ಅರ್ಥ. ಅವನನ್ನು ದೊರೆ ಮಾಡಿರೆಂದು ಯಾರು ಕೇಳಿದರು? ಒಬ್ಬನನ್ನು ದೊರೆಯೆಂದು ಕರೆದ ಕೂಡಲೆ ಎದುರಿಗಿರುವವರು ಊಳಿಗದವರಾಗಿಬಿಡುತ್ತಾರೆ. ದೊರೆಯ ಮುಂದೆ ಊಳಿಗದವರು ಕೂರುವುದುಂಟೇ? ನಮ್ಮ ಮಧ್ಯಮವರ್ಗಕ್ಕೆ ಈ ಪಟ್ಟ ರುಚಿಸಿದೆ, ಅದನ್ನೂ ಹೇಳಿಬಿಡಬೇಕು. ಬಾಗಿಲಲ್ಲಿ ಸಲಾಮು ಹೊಡೆಸಿಕೊಂಡು ಒಳಗೆ ಹೋಗುವ ನಾವು, ಹರಿದ ಸ್ವೆಟರು ಹಿಡಿದು ಕೌಂಟರಿನ ಮುಂದೆ ನಿಂತಾಗ ಮಾತ್ರ ನಮ್ಮ ರಾಜ್ಯ ಎಷ್ಟು ದೊಡ್ಡದೆಂದು ಕಂಡುಕೊಳ್ಳುತ್ತೇವೆ.

ಕೂರುವ ವಿಷಯ ಹೊಸದೇನೂ ಅಲ್ಲ. ಇಂಗ್ಲೆಂಡಿನಲ್ಲಿ 1899ರಷ್ಟು ಹಿಂದೆಯೇ ಅಂಗಡಿಯಲ್ಲಿ ದುಡಿಯುವ ಮೂವರು ಹೆಂಗಸರಿಗೆ ಒಂದರಂತೆ ಆಸನ ಇರಬೇಕೆಂದು ಕಾಯಿದೆ ಮಾಡಿದರು. ನಮ್ಮ ನೆರೆಯ ಕೇರಳದಲ್ಲಿ, ಕೋಳಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ದರ್ಜಿ ಕೆಲಸ ಮಾಡುತ್ತಿದ್ದ ವಿಜಿ ಪಾಲಿತೊಡಿ ಎಂಬಾಕೆ ಅಂಗಡಿಗಳ ಹೆಣ್ಣುಮಕ್ಕಳನ್ನು ಒಟ್ಟುಗೂಡಿಸಿ ವರ್ಷಗಟ್ಟಲೆ ಹೋರಾಡಿದರು. ಅವರು ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೇಳಿದ್ದು ಕೂರುವ ಹಕ್ಕು. 2018ರಲ್ಲಿ ಅಲ್ಲಿಯ ಸರಕಾರ ಕಾಯಿದೆ ತಿದ್ದಿ ಆಸನವನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಒಂದು ಸ್ಟೂಲು ಹಾಕಲು ವಿಧಾನಸಭೆ ಸೇರಬೇಕಾಯಿತು ಎಂಬುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು. ಹತ್ತು ಗಂಟೆ ನಿಂತು ಕಾಲು ಊದಿದವಳ ಮುಖದಲ್ಲಿ ನಗು ಬೇಕು ಎನ್ನುವವರು, ಆ ನಗುವಿಗೂ ಬೆಲೆಚೀಟಿ ಅಂಟಿಸಿದರೆ ಒಳ್ಳೆಯದು. ಎಷ್ಟು ಕೊಟ್ಟು ಕೊಂಡಿದ್ದೇವೆ ಎಂದಾದರೂ ಗೊತ್ತಾಗುತ್ತದೆ.

ದುಡ್ಡು ವಾಪಸು ಬಂದ ದಿನ ಹೊರಡುವಾಗ ಕೌಂಟರಿನ ಹುಡುಗ, “ಸರ್, ಮೆಸೇಜ್ ಬರುತ್ತೆ, ಹತ್ತಕ್ಕೆ ಹತ್ತು ಕೊಟ್ಟುಬಿಡಿ ಸರ್, ಇಲ್ಲಾಂದ್ರೆ ನಮಗೆ ಬೈತಾರೆ” ಎಂದ. ಅಂಕ ಕೊಡುವುದು ನನ್ನ ವೃತ್ತಿ. ಉತ್ತರ ಬರೆಯಲು ಹಾಳೆಯನ್ನೇ ಕೊಡದ ವಿದ್ಯಾರ್ಥಿಯನ್ನು ಫೇಲು ಮಾಡಿದ ಪಾಪ ನನ್ನ ಲೆಕ್ಕದಲ್ಲಿ ಇಲ್ಲಿಯವರೆಗೆ ಇಲ್ಲ. ಹತ್ತು ಕೊಟ್ಟೆ. ಪ್ರಶ್ನೆಪತ್ರಿಕೆ ತೆಗೆದವರಿಗೆ ಅಂಕ ಕೊಡುವ ಜಾಗ ಆ ಮೆಸೇಜಿನಲ್ಲಿ ಎಲ್ಲೂ ಇರಲಿಲ್ಲ.

ಅದಕ್ಕಾಗಿ ಮಳಿಗೆಯ ಮುಖ್ಯ ಕಚೇರಿಗೆ ಕನ್ನಡದಲ್ಲಿ ಎರಡು ಪುಟದ ಪತ್ರ ಬರೆದೆ. ಸ್ವೆಟರು, ಸಿಸ್ಟಮ್, ಕಾಯಿದೆ, ಕುರ್ಚಿ, ಎಲ್ಲವನ್ನೂ ಬರೆದೆ. ಹುಡುಗಿಗೆ ತೊಂದರೆಯಾಗದಂತೆ ಮಹಡಿಯ ಗುರುತು ಬಿಟ್ಟೆ. ಹದಿನಾರು ದಿನಗಳ ಮೇಲೆ ಇಂಗ್ಲಿಷಿನಲ್ಲಿ ಉತ್ತರ ಬಂತು. ನನ್ನ ಅಮೂಲ್ಯ ಸಲಹೆಗೆ ಧನ್ಯವಾದ ಹೇಳಿ, ಸಿಬ್ಬಂದಿಗೆ ಸೌಜನ್ಯದ ತರಬೇತಿಯನ್ನು ಇನ್ನಷ್ಟು ಬಿಗಿ ಮಾಡುವುದಾಗಿ ಭರವಸೆ ಕೊಟ್ಟಿದ್ದರು. ನನ್ನ ಪತ್ರದಲ್ಲಿ ಯಾರ ಸೌಜನ್ಯದ ಮೇಲೂ ದೂರಿರಲಿಲ್ಲ. ಈಗ ಎರಡನೆಯ ಪತ್ರ ಬರೆದಿದ್ದೇನೆ. ಅದರಲ್ಲಿ ಸ್ಟೂಲಿನ ವಿಷಯ ಬಿಟ್ಟು ಬೇರೇನೂ ಇಲ್ಲ.